ಮನೆಯಲ್ಲಿ ಶುಂಠಿ ಬಿಯರ್: ಬಾಟಲಿ ಸಿಡಿಯದಂತೆ, ಗುಳ್ಳೆ ಸಪ್ಪೆಯಾಗದಂತೆ ಮಾಡುವ ಕ್ರಮ

ಶುಂಠಿ, ಬೆಲ್ಲ, ನಿಂಬೆಯ ನೀರನ್ನು ಹುದುಗಿಸಿ ಗುಳ್ಳೆ ಬರಿಸುವ ಶುಂಠಿ ಬಿಯರ್ ಮಾಡಲು ಹೊರಟವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಮುಚ್ಚಳ ತಿರುಗಿಸಿದರೆ ಉಸ್ ಎನ್ನದೆ ಬರೀ ಸಪ್ಪೆ ಪಾನಕ ಸಿಗುತ್ತದೆ, ಇಲ್ಲವೇ ರಾತ್ರಿ ಬಾಟಲಿ ಸಿಡಿದು ಬೆಳಗ್ಗೆ ಅಡುಗೆಮನೆಯ ಗೋಡೆಯೆಲ್ಲ ಅಂಟಂಟಾಗಿರುತ್ತದೆ. ಎರಡಕ್ಕೂ ಮೂಲ ಒಂದೇ. ಬಹುಪಾಲು ವಿಧಾನಗಳು ಸಕ್ಕರೆಯನ್ನು ಬಟ್ಟಲಿನ ಲೆಕ್ಕದಲ್ಲೂ ಕಾಲವನ್ನು ದಿನದ ಲೆಕ್ಕದಲ್ಲೂ ಹೇಳುತ್ತವೆ. ಚಳಿ ದೇಶದವರು ಬರೆದ ಮೂರು ದಿನದ ಲೆಕ್ಕ ಮಂಡ್ಯದ ಏಪ್ರಿಲ್ ಬೇಗೆಯಲ್ಲಿ ಅಪಾಯಕ್ಕೆ ದಾರಿ. ಅದೇ ಮೂರು ದಿನ ಮೈಸೂರಿನ ಜನವರಿಗೆ ಸಾಲುವುದಿಲ್ಲ.

ಇಲ್ಲಿ ಹೇಳಿರುವ ಕ್ರಮದಲ್ಲಿ ಬಾಟಲಿಗೆ ಹೋಗುವ ಬೆಲ್ಲವನ್ನು ತೂಕ ಮಾಡಿ ಹಾಕಬೇಕು. ಕುಡಿಯಲು ಬೇಕಾದ ಸಿಹಿಯನ್ನು ಲೋಟದಲ್ಲಿ ಬೆರೆಸಿಕೊಳ್ಳಬೇಕು. ಬಾಟಲಿ ಸಿದ್ಧವಾಯಿತೋ ಇಲ್ಲವೋ ಎಂಬುದನ್ನು ಕೈಯಿಂದ ಒತ್ತಿ ನೋಡಿ ತೀರ್ಮಾನಿಸಬೇಕು. ಈ ಮೂರನ್ನು ಪಾಲಿಸಿದರೆ ಉಳಿದದ್ದೆಲ್ಲ ಮೊಸರಿಗೆ ಹೆಪ್ಪು ಹಾಕುವಷ್ಟೇ ಸಲೀಸು.

ಮಾಮೂಲಿ ಬಿಯರ್ ಬಿಟ್ಟು ಶುಂಠಿ ಬಿಯರನ್ನೇ ಆಯ್ದುಕೊಂಡಿದ್ದಕ್ಕೆ ಕಾರಣವಿದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಮನೆಬಳಕೆಗೆಂದು ಮಾಲ್ಟ್ ಬಿಯರ್ ಕುದಿಸುವುದೂ ಇದರಲ್ಲೇ ಬರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳು ಶೇ. 0.5ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವುದನ್ನು ಮದ್ಯ ಪಾನೀಯ ಎನ್ನುತ್ತವೆ. ಆ ಗೆರೆಯ ಆಸುಪಾಸಿನಲ್ಲೇ ನಿಲ್ಲುವಂತೆ ಇಲ್ಲಿನ ಅಳತೆಗಳನ್ನು ಇಟ್ಟಿದೆ. ಬೆಲ್ಲ ಹೆಚ್ಚಿಸಿದರೆ ಗೆರೆ ದಾಟುತ್ತದೆ, ಆದ್ದರಿಂದ ಹೆಚ್ಚಿಸಬೇಡಿ. ಯೀಸ್ಟ್ ಕೆಲಸ ಮಾಡಿದ ಮೇಲೆ ಆಲ್ಕೋಹಾಲ್ ಅಲ್ಪವಾದರೂ ಇದ್ದೇ ಇರುತ್ತದೆ. ಮಕ್ಕಳಿಗೆ, ಗರ್ಭಿಣಿಯರಿಗೆ, ಮದ್ಯದ ಹನಿಯೂ ಕೂಡದೆಂದು ವ್ರತ ಹಿಡಿದವರಿಗೆ ಇದನ್ನು ಕೊಡಬೇಡಿ. ಮನೆಗೆ ಬಂದವರಿಗೆ ಕೊಡುವಾಗ ಇದು ಹುದುಗಿಸಿದ ಪಾನೀಯ ಎಂದು ಮೊದಲೇ ತಿಳಿಸಿ.

ಎಲ್ಲಕ್ಕಿಂತ ಮೊದಲು: ಸಕ್ಕರೆಯ ಲೆಕ್ಕ

ಈ ಭಾಗವನ್ನು ಹಾರಿಸಿ ಮುಂದೆ ಹೋಗಬೇಡಿ. ಬಾಟಲಿ ಸಿಡಿಯುವುದೂ ಸಪ್ಪೆಯಾಗುವುದೂ ಇಲ್ಲೇ ನಿರ್ಧಾರವಾಗುತ್ತದೆ.

ಯೀಸ್ಟ್ 4 ಗ್ರಾಂ ಸಕ್ಕರೆ ತಿಂದರೆ ಸುಮಾರು 2 ಗ್ರಾಂ ಇಂಗಾಲದ ಡೈಆಕ್ಸೈಡ್, ಸುಮಾರು 2 ಗ್ರಾಂ ಆಲ್ಕೋಹಾಲ್ ಹುಟ್ಟುತ್ತವೆ. 2 ಗ್ರಾಂ ಇಂಗಾಲದ ಡೈಆಕ್ಸೈಡ್ ಎಂದರೆ ಹೆಚ್ಚುಕಡಿಮೆ ಒಂದು ಲೀಟರ್ ಅನಿಲ. ಒಂದು ಲೀಟರ್ ಪಾನೀಯದೊಳಗೆ ಒಂದು ಲೀಟರ್ ಅನಿಲ ಸೇರಿದರೆ ಅದನ್ನು ಒಂದು ಪಟ್ಟು ಎಂದಿಟ್ಟುಕೊಳ್ಳಿ. ಹಾಗಾದರೆ ಲೀಟರಿಗೆ 4 ಗ್ರಾಂ ಸಕ್ಕರೆ ಒಂದು ಪಟ್ಟು ಗುಳ್ಳೆಯನ್ನೂ ಶೇ. 0.25ರಷ್ಟು ಆಲ್ಕೋಹಾಲನ್ನೂ ಕೊಡುತ್ತದೆ. 8 ಗ್ರಾಂ ಹಾಕಿದರೆ ಎರಡು ಪಟ್ಟು ಗುಳ್ಳೆ, ಶೇ. 0.5 ಆಲ್ಕೋಹಾಲ್. ಅಂಗಡಿಯ ಲಾಗರ್ ಬಿಯರಿನಲ್ಲಿ ಸುಮಾರು ಎರಡೂವರೆ ಪಟ್ಟು, ಕೋಲಾದಲ್ಲಿ ಮೂರೂವರೆಯಿಂದ ನಾಲ್ಕು ಪಟ್ಟು ಅನಿಲ ಇರುತ್ತದೆ. ಎರಡು ಪಟ್ಟು ಎಂದರೆ ನಾಲಿಗೆಗೆ ಹಿತವಾಗಿ ಜುಮ್ಮೆನ್ನುವ ಹದ.

ಈಗ ಜನಪ್ರಿಯ ವಿಧಾನಗಳನ್ನು ಇದೇ ತಕ್ಕಡಿಯಲ್ಲಿಟ್ಟು ನೋಡಿ. ಲೀಟರಿಗೆ 80 ಗ್ರಾಂ ಸಕ್ಕರೆ ಹಾಕಿ, ಮುಚ್ಚಳ ಬಿಗಿದು, ಎರಡು ದಿನ ಹೊರಗಿಟ್ಟು ಆಮೇಲೆ ಫ್ರಿಜ್‌ಗೆ ಇಡಿ ಎನ್ನುತ್ತವೆ. ಆ ಸಕ್ಕರೆ ಪೂರ್ತಿ ಹುದುಗಿದರೆ 20 ಪಟ್ಟು ಅನಿಲ. ಮನೆಯಲ್ಲಿರುವ ಯಾವ ಬಾಟಲಿಯೂ ಅದನ್ನು ತಾಳುವುದಿಲ್ಲ. ಬರೀ ನಾಲ್ಕು ಪಟ್ಟಿಗೇ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬಾಟಲಿಯೊಳಗಿನ ಒತ್ತಡ ಕಾರಿನ ಟೈರಿಗೆ ತುಂಬುವ ಗಾಳಿಯ ಎರಡರಷ್ಟಾಗುತ್ತದೆ. ಫ್ರಿಜ್ ಇದೆಯಲ್ಲ ಎಂದು ನಂಬಿ ಕೂರುವಂತಿಲ್ಲ. ತಂಪು ಯೀಸ್ಟನ್ನು ಮಂಕಾಗಿಸುತ್ತದೆ, ಕೊಲ್ಲುವುದಿಲ್ಲ. ಬೇಸಿಗೆಯಲ್ಲಿ ಅರ್ಧ ದಿನ ಕರೆಂಟ್ ಹೋದರೆ ಒಳಗಿರುವ ಅಷ್ಟೂ ಬಾಟಲಿಗಳು ಮತ್ತೆ ಹುದುಗಲು ಶುರುಮಾಡುತ್ತವೆ.

ಲೀಟರಿಗೆ 8 ಗ್ರಾಮಿನಲ್ಲಿ ನಿಲ್ಲಿಸಿದರೆ ಈ ಭಯವೇ ಇಲ್ಲ. ಒಂದು ವಾರ ಮರೆತು ಹೊರಗೆ ಬಿಟ್ಟರೂ ಯೀಸ್ಟಿಗೆ ತಿನ್ನಲು ಬೇರೇನೂ ಇರುವುದಿಲ್ಲ. ಸಿಹಿಯನ್ನು ಲೋಟಕ್ಕೆ ಮೀಸಲಿಡಿ ಎನ್ನುವುದು ಇದಕ್ಕೇ. ರುಚಿಯ ದೃಷ್ಟಿಯಿಂದಲೂ ಇದೇ ಮೇಲು, ಒಂದೇ ಬಾಟಲಿಯಿಂದ ಒಬ್ಬರಿಗೆ ಖಾರವಾಗಿ, ಇನ್ನೊಬ್ಬರಿಗೆ ಸಿಹಿಯಾಗಿ ಬೆರೆಸಿಕೊಡಬಹುದು.

ಬೇಕಾದ ಸಾಮಾನು

ಎರಡು ಲೀಟರ್ ಪಾನೀಯಕ್ಕೆ:

- ಹಸಿ ಶುಂಠಿ: ಕಷಾಯಕ್ಕೆ 120 ಗ್ರಾಂ, ಹೆಪ್ಪಿಗೆ (ಶುಂಠಿ, ಸಕ್ಕರೆ, ನೀರಿನಿಂದ ಮೊದಲೇ ಎಬ್ಬಿಸಿಟ್ಟುಕೊಳ್ಳುವ ಹುದುಗು) ದಿನಕ್ಕೆ 10 ಗ್ರಾಂ
- ಬಿಳಿ ಸಕ್ಕರೆ: ಹೆಪ್ಪಿಗೆ ದಿನಕ್ಕೆ 8 ಗ್ರಾಂ
- ಬೆಲ್ಲ: ಬಾಟಲಿಗೆ 12 ಗ್ರಾಂ, ಲೋಟದ ಪಾಕಕ್ಕೆ 250 ಗ್ರಾಂ
- ನಿಂಬೆರಸ: 60 ಮಿ.ಲೀ. (ರಸಭರಿತವಾಗಿದ್ದರೆ ಮೂರು ಹಣ್ಣು, ಇಲ್ಲದಿದ್ದರೆ ನಾಲ್ಕು)
- ಒಂದು ಚಿಟಿಕೆ ಉಪ್ಪು
- ಒಂದು ಲೀಟರ್ ಹಿಡಿಯುವ ಅಗಲ ಬಾಯಿಯ ಗಾಜಿನ ಜಾಡಿ, ತೆಳು ಬಿಳಿ ಬಟ್ಟೆ
- ಮೂರು ಲೀಟರಿನ ಸ್ಟೀಲ್ ಪಾತ್ರೆ, ಲಾಳಿಕೆ
- ಗ್ರಾಮಿನಲ್ಲಿ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿ
- ಸೋಡಾ ಅಥವಾ ಕೋಲಾ ಬಂದಿದ್ದ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಗಳು, ನಾಲ್ಕು ಅಥವಾ ಐದು

ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಒಂದು ಚಮಚ ಪುಡಿಬೆಲ್ಲಕ್ಕೂ ಒಂದು ಚಮಚ ಜಜ್ಜಿದ ಉಂಡೆಬೆಲ್ಲಕ್ಕೂ ತೂಕದಲ್ಲಿ ಬಹಳ ವ್ಯತ್ಯಾಸವಿದೆ.

ಬಾಟಲಿಯ ವಿಷಯದಲ್ಲಿ ರಾಜಿ ಬೇಡ. ಕುಡಿಯುವ ನೀರಿನ ಪ್ಲಾಸ್ಟಿಕ್ ಬಾಟಲಿ ತೆಳುವಾಗಿರುತ್ತದೆ, ಒತ್ತಡಕ್ಕೆಂದು ಮಾಡಿದ್ದಲ್ಲ. ಸೋಡಾ ಬಾಟಲಿಯ ಗೋಡೆ ದಪ್ಪ, ತಳ ಐದು ಕಾಲಿನ ಹೂವಿನಂತೆ ಅಚ್ಚಾಗಿರುತ್ತದೆ. ಜಾಮ್, ಸ್ಕ್ವಾಶ್, ಜೇನು ಬಂದಿದ್ದ ಗಾಜಿನ ಸೀಸೆಗಳನ್ನು ಇದಕ್ಕೆ ಬಳಸಲೇಬಾರದು. ಒಡೆದ ಗಾಜಿನ ಚೂರು ಕಣ್ಣಿಗೆ ಬಡಿಯಬಹುದು. ತಂತಿಬಿಗಿತದ ಬಿರಡೆಯ ಸೀಸೆ ಅಂದವಾಗಿ ಕಾಣುತ್ತದೆ ನಿಜ, ಆದರೆ ಅಲಂಕಾರಕ್ಕೆಂದು ಮಾರುವ ಸೀಸೆಗಳೂ ನೋಡಲು ಹಾಗೇ ಇರುತ್ತವೆ. ಒಳಗಿನ ಒತ್ತಡವನ್ನು ಕೈಗೆ ತಿಳಿಸುವುದು ಪ್ಲಾಸ್ಟಿಕ್ ಮಾತ್ರ, ಕಲಿಯುವವರಿಗೆ ಅದೇ ಗುರು.

ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳನ್ನು ದೂರ ಇಡಿ. ಹುಳಿ ಅವುಗಳಿಂದ ಲೋಹವನ್ನು ಎಳೆಯುತ್ತದೆ.

ಶುಂಠಿ, ಬೆಲ್ಲ, ನೀರು: ಕೊಳ್ಳುವಾಗ ನೋಡಬೇಕಾದ್ದು

ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಡೆ ಶುಂಠಿ ಯಥೇಚ್ಛ ಬೆಳೆಯುವುದರಿಂದ ನಮ್ಮಲ್ಲಿ ಒಳ್ಳೆಯ ಮಾಲಿಗೆ ಬರವಿಲ್ಲ. ಆದರೆ ಅಂಗಡಿಯಲ್ಲಿ ಫಳಫಳ ಹೊಳೆಯುವುದನ್ನೇ ಆರಿಸಿಕೊಂಡರೆ ಹೆಪ್ಪು ಏಳುವುದು ಕಷ್ಟ. ಹುದುಗಿಸುವ ಯೀಸ್ಟ್ ಮತ್ತು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಇರುವುದು ಸಿಪ್ಪೆಯ ಮೇಲೆ. ರಭಸದ ನೀರಿನಲ್ಲಿ ತಿಕ್ಕಿ ತೊಳೆದ ಶುಂಠಿಯಲ್ಲಿ ಅವು ಅಷ್ಟಾಗಿ ಉಳಿದಿರುವುದಿಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಾಗಲಿ ಸಂತೆಯಲ್ಲಾಗಲಿ ಒಂದಿಷ್ಟು ಮಣ್ಣು ಹತ್ತಿರುವುದನ್ನು ಕೇಳಿ ತನ್ನಿ. ಹೆಪ್ಪಿಗೆ ಬಳಸುವಾಗ ಮಣ್ಣು ಹೋಗುವಷ್ಟು ಮಾತ್ರ ತೊಳೆಯಿರಿ, ಸಿಪ್ಪೆ ತೆಗೆಯಬೇಡಿ. ಒತ್ತಿದರೆ ಮೆತ್ತಗಾಗುವ, ಒಳಗೆ ಕಂದು ನೀರು ಜಿನುಗುವ ಗೆಡ್ಡೆ ಕೊಳೆರೋಗದ್ದು, ಅದನ್ನು ಎಸೆಯಿರಿ.

ಖಾರ ಬೇಕಿದ್ದರೆ ಬಲಿತ, ನಾರಿರುವ ಶುಂಠಿ ಒಳ್ಳೆಯದು. ಎಳೆಯದರಲ್ಲಿ ರಸ ಹೆಚ್ಚು, ಖಾರ ಕಡಿಮೆ.

ಬೆಲ್ಲ ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ. ಆಲೆಮನೆಗಳಲ್ಲಿ ಬೆಲ್ಲ ಹಳದಿಯಾಗಿ ಕಾಣಲೆಂದು ಹೈಡ್ರೋಸ್ ಎಂಬ, ಬಣ್ಣ ತಿಳಿಯಾಗಿಸುವ ರಾಸಾಯನಿಕ ಹಾಕುವುದುಂಟು. ಅದು ಬಿಟ್ಟುಹೋಗುವ ಗಂಧಕದ ಅಂಶ ಯೀಸ್ಟನ್ನು ಕುಗ್ಗಿಸುತ್ತದೆ. ಬಾಟಲಿಗೆ ಹಾಕುವ ಪ್ರಮಾಣ ತೀರಾ ಚಿಕ್ಕದಾದ್ದರಿಂದ ಅಲ್ಲಿ ಅಷ್ಟು ತೊಂದರೆಯಿಲ್ಲ. ದಿನದಿನ ತಿನ್ನಿಸುವ ಹೆಪ್ಪಿನಲ್ಲಿ ಮಾತ್ರ ಅದು ಕೂಡುತ್ತಾ ಹೋಗುತ್ತದೆ. ಹೆಪ್ಪಿಗೆ ಬಿಳಿ ಸಕ್ಕರೆ, ರುಚಿಗೆ ಗಾಢ ಕಂದು ಬೆಲ್ಲ ಎಂದು ಹಂಚಿಕೊಂಡರೆ ಗೊಂದಲವಿಲ್ಲ.

ನಲ್ಲಿಯಲ್ಲಿ ಬರುವ ಕಾವೇರಿ ನೀರಿಗೆ ಕ್ಲೋರಿನ್ ಬೆರೆಸಿರುತ್ತಾರೆ. ಕ್ರಿಮಿ ಕೊಲ್ಲಲು ಹಾಕಿದ್ದು ಹೆಪ್ಪನ್ನೂ ಬಿಡುವುದಿಲ್ಲ. ಮುಚ್ಚಳ ತೆಗೆದು ಹತ್ತು ಹದಿನೈದು ನಿಮಿಷ ಕುದಿಸಿ ಆರಿಸಿದರೆ ಸಾಕು. ಬೋರ್‌ವೆಲ್ ನೀರಾದರೆ ಕುದಿಸಿ, ತಳದಲ್ಲಿ ಸುಣ್ಣದ ಬಿಳಿ ಗಷ್ಟು ಕೂತ ಮೇಲೆ ಮೇಲಿನ ತಿಳಿಯನ್ನು ಬಸಿದುಕೊಳ್ಳಿ. ಗಡಸು ನೀರು ಹುಳಿಯನ್ನು ನುಂಗಿಬಿಡುವುದರಿಂದ ಅರ್ಧ ನಿಂಬೆಹಣ್ಣು ಹೆಚ್ಚಿಗೆ ಹಿಂಡಬೇಕಾಗುತ್ತದೆ.

ಹಂತ 1: ಹೆಪ್ಪು ಎಬ್ಬಿಸುವುದು (3ರಿಂದ 6 ದಿನ)

ಜಾಡಿಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ. ಕುದಿಸಿ ಆರಿಸಿದ 400 ಮಿ.ಲೀ. ನೀರು, ಸಿಪ್ಪೆ ಸಮೇತ ತುರಿದ 10 ಗ್ರಾಂ ಶುಂಠಿ, 8 ಗ್ರಾಂ ಸಕ್ಕರೆ ಹಾಕಿ ಕಲಕಿ. ಬಾಯಿಗೆ ಬಟ್ಟೆ ಕಟ್ಟಿ, ಬಿಸಿಲು ಬೀಳದ ಕಡೆ ಇಡಿ. ಮುಚ್ಚಳ ಬಿಗಿಯಬೇಡಿ.

ಪ್ರತಿದಿನ ಒಂದೇ ಹೊತ್ತಿಗೆ ಅಷ್ಟೇ ಶುಂಠಿ, ಅಷ್ಟೇ ಸಕ್ಕರೆ ಹಾಕಿ ಕಲಕಿ. ಮಧ್ಯೆ ಎರಡು ಸಲ ಬರೀ ಕಲಕಿ. ಮೇಲೆ ತೇಲುವ ಶುಂಠಿ ಒಣಗಿ ನಿಂತರೆ ಬೂಷ್ಟು ಬರುವುದು ಅಲ್ಲೇ. ದಿನಾ ಕಲಕಿದ ಜಾಡಿಗೆ ಬೂಷ್ಟು ಹಿಡಿಯುವುದು ಅಪರೂಪ.

ಅಡುಗೆಮನೆ 28 ಡಿಗ್ರಿ ದಾಟಿರುವ ಬೇಸಿಗೆಯಲ್ಲಿ ಎರಡನೇ ದಿನಕ್ಕೇ ಗುಳ್ಳೆ ಏಳಬಹುದು. ಡಿಸೆಂಬರ್, ಜನವರಿಯಲ್ಲಿ ಐದಾರು ದಿನ ಹಿಡಿಯುತ್ತದೆ. ಆಗ ಜಾಡಿಯನ್ನು ಫ್ರಿಜ್ ತಲೆಯ ಮೇಲೋ ದೋಸೆಹಿಟ್ಟು ಉಬ್ಬಲು ಇಡುವ ಮೂಲೆಯಲ್ಲೋ ಇಡಿ.

ಕಲಕಿದ ಕೂಡಲೇ ಸಣ್ಣ ಗುಳ್ಳೆಗಳು ಸರಸರ ಮೇಲೇರಿ ನೊರೆ ಕಟ್ಟಬೇಕು, ಶುಂಠಿಯ ತುರಿ ಪೂರ್ತಿ ಮೇಲೆ ತೇಲಬೇಕು, ಶುಂಠಿಯ ಜತೆಗೆ ಹುಳಿ ಬಂದ ದೋಸೆಹಿಟ್ಟಿನಂಥ ವಾಸನೆ ಬರಬೇಕು. ಇಷ್ಟಾದರೂ ನಂಬಿಬಿಡಬೇಡಿ. 50 ಮಿ.ಲೀ. ಹೆಪ್ಪನ್ನು ಶೋಧಿಸಿ ಒಂದು ಸೋಡಾ ಬಾಟಲಿಗೆ ಹಾಕಿ, 50 ಮಿ.ಲೀ. ನೀರು ಮತ್ತು 1 ಗ್ರಾಂ ಸಕ್ಕರೆ ಸೇರಿಸಿ. ಬಾಟಲಿಯನ್ನು ಹಿಂಡಿ ಒಳಗಿನ ಗಾಳಿ ಹೊರಹಾಕಿ, ಹಿಂಡಿದ ಸ್ಥಿತಿಯಲ್ಲೇ ಮುಚ್ಚಳ ಬಿಗಿಯಿರಿ. ಒಂದು ದಿನದೊಳಗೆ ಅಪ್ಪಚ್ಚಿಯಾಗಿದ್ದ ಬಾಟಲಿ ತಾನೇ ಉಬ್ಬಿದರೆ ಹೆಪ್ಪು ಸಿದ್ಧ. ಉಬ್ಬದಿದ್ದರೆ ಇನ್ನೆರಡು ದಿನ ತಿನ್ನಿಸಿ ಮತ್ತೆ ಪರೀಕ್ಷಿಸಿ. ಗುಳ್ಳೆ ಬರಲಿಲ್ಲ ಎಂದು ದೂರುವವರಲ್ಲಿ ಹೆಚ್ಚಿನವರು ಬಿಟ್ಟಿರುವುದು ಈ ಪರೀಕ್ಷೆಯನ್ನೇ. ಬಲವಿಲ್ಲದ ಹೆಪ್ಪನ್ನು ಒಳ್ಳೆಯ ಕಷಾಯಕ್ಕೆ ಸುರಿದು ಎರಡನ್ನೂ ಹಾಳುಮಾಡಿಕೊಂಡಿರುತ್ತಾರೆ.

ಬಾಟಲಿ ತುಂಬುವ ಹಿಂದಿನ ದಿನ ಕೊನೆಯ ಸಲ ತಿನ್ನಿಸಿ. ಅದೇ ದಿನ ಸಕ್ಕರೆ ಹಾಕಿದ ಹೆಪ್ಪನ್ನು ಬಳಸಿದರೆ ಲೆಕ್ಕಕ್ಕೆ ಸಿಗದ ಸಕ್ಕರೆ ಬಾಟಲಿ ಸೇರುತ್ತದೆ.

ಹಂತ 2: ಕಷಾಯ

120 ಗ್ರಾಂ ಶುಂಠಿಯನ್ನು ತೊಳೆದು ಕುಟ್ಟಾಣಿಯಲ್ಲಿ ಜಜ್ಜಿ. ಮಿಕ್ಸಿಗೆ ಹಾಕಿ ನುಣ್ಣಗೆ ರುಬ್ಬಿದರೆ ಪಿಷ್ಟವೆಲ್ಲ ಬಿಟ್ಟುಕೊಂಡು ಪಾನೀಯ ಗಂಜಿಯಂತೆ ಮಸುಕಾಗುತ್ತದೆ. ಒಂದು ಲೀಟರ್ ನೀರಿಗೆ ಹಾಕಿ, ಕುದಿ ಬಂದ ಮೇಲೆ ಉರಿ ತಗ್ಗಿಸಿ ಹನ್ನೆರಡು ನಿಮಿಷ ಬಿಡಿ. ಪಾತ್ರೆಯನ್ನು ಅರ್ಧ ಮುಚ್ಚಿರಲಿ. ಅರ್ಧ ಗಂಟೆ ಕುದಿಸಿದರೆ ಹಸಿ ಶುಂಠಿಯ ಚುರುಕು ಖಾರ ಇಳಿದು ಕಷಾಯದ ಘಾಟು ಉಳಿಯುತ್ತದೆ. ಶೀತಕ್ಕೆ ಕುಡಿಯಲು ಅದು ಸರಿ, ಇಲ್ಲಿ ಬೇಡ.

ಒಲೆ ಆರಿಸಿ 12 ಗ್ರಾಂ ಬೆಲ್ಲ ಮತ್ತು ಉಪ್ಪು ಕರಗಿಸಿ. ಬೆಲ್ಲದಲ್ಲಿ ಮಣ್ಣು, ಕಬ್ಬಿನ ನಾರು ಇರುವುದರಿಂದ ಬಟ್ಟೆಯಲ್ಲಿ ಶೋಧಿಸಿ, ಶುಂಠಿಯನ್ನು ಚೆನ್ನಾಗಿ ಹಿಂಡಿ. ಬೆಲ್ಲದ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಸಕ್ಕರೆಯಲ್ಲದ ಅಂಶ ಮತ್ತು ತೇವ. 12 ಗ್ರಾಮಿನಿಂದ ಸುಮಾರು 10 ಗ್ರಾಂ ಸಕ್ಕರೆ ದಕ್ಕುತ್ತದೆ, ಅಂದರೆ ಲೀಟರಿಗೆ 5. ಹೆಪ್ಪಿನಲ್ಲಿ ಉಳಿದಿರುವ ಸಕ್ಕರೆ ಸೇರಿ 7ರಿಂದ 8ಕ್ಕೆ ಬಂದು ನಿಲ್ಲುತ್ತದೆ.

ಹಂತ 3: ಆರಿಸುವುದು

ಅವಸರ ಕೆಡಿಸುವುದು ಇಲ್ಲಿ. 40 ಡಿಗ್ರಿಗಿಂತ ಬಿಸಿಯಾದ ದ್ರವಕ್ಕೆ ಹೆಪ್ಪು ಸುರಿದರೆ ಯೀಸ್ಟ್ ಸಾಯತೊಡಗುತ್ತದೆ. ಶೋಧಿಸಿದ ಕಷಾಯಕ್ಕೆ ಮೊದಲೇ ಕುದಿಸಿ ಆರಿಸಿಟ್ಟ ತಣ್ಣೀರನ್ನು, ಹೆಪ್ಪು ಮತ್ತು ನಿಂಬೆರಸಕ್ಕೆ ಜಾಗ ಬಿಟ್ಟು, ಒಟ್ಟು 1,840 ಮಿ.ಲೀ. ಆಗುವಂತೆ ಬೆರೆಸಿ. ಆಮೇಲೆ ಪಾತ್ರೆಯನ್ನು ತಣ್ಣೀರಿನ ಬೇಸಿನ್ನಿನಲ್ಲಿ ಇಡಿ. ಮೊಸರಿಗೆ ಹೆಪ್ಪು ಹಾಕುವ ಉಗುರುಬೆಚ್ಚಗಿನ ಹದಕ್ಕಿಂತಲೂ ತಣ್ಣಗಿರಬೇಕು. ಪಾತ್ರೆಯ ಹೊರಮೈ ಮುಟ್ಟಿದರೆ ಬಿಸಿಯೂ ತಂಪೂ ಅನ್ನಿಸಬಾರದು. ಥರ್ಮಾಮೀಟರ್ ಇದ್ದರೆ 30 ಡಿಗ್ರಿಗಿಂತ ಕೆಳಗೆ ಬರುವವರೆಗೆ ಕಾಯಿರಿ.

ಹಂತ 4: ಹೆಪ್ಪು ಬೆರೆಸಿ ತುಂಬುವುದು

ಆರಿದ ಕಷಾಯಕ್ಕೆ 60 ಮಿ.ಲೀ. ನಿಂಬೆರಸ ಹಾಕಿ. ನಿಂಬೆ ಬರೀ ರುಚಿಗಲ್ಲ, ಮೊದಲ ದಿನ ಕೆಟ್ಟ ಬ್ಯಾಕ್ಟೀರಿಯಾ ತಲೆಯೆತ್ತದಂತೆ ತಡೆಯುವುದು ಆ ಹುಳಿಯೇ. ಅದರಿಂದಲೇ ಬಿಡುವಂತಿಲ್ಲ. ನಂತರ ಹೆಪ್ಪನ್ನು ಕಲಕಿ, ಬಟ್ಟೆಯಲ್ಲಿ ಶೋಧಿಸಿ, 100 ಮಿ.ಲೀ. ಅಳೆದು ಸೇರಿಸಿ. ಕಲಕದೆ ಮೇಲಿನ ತಿಳಿಯನ್ನಷ್ಟೇ ಸುರಿದರೆ ತಳದಲ್ಲಿ ಕೂತಿರುವ ಯೀಸ್ಟ್ ಜಾಡಿಯಲ್ಲೇ ಉಳಿದುಬಿಡುತ್ತದೆ.

ಪ್ಲಾಸ್ಟಿಕ್ ಬಾಟಲಿಗೆ ಕುದಿಯುವ ನೀರು ಹಾಕಬೇಡಿ, ಸೊಟ್ಟಗಾಗಿ ಬಲ ಕಳೆದುಕೊಳ್ಳುತ್ತದೆ. ಕೈ ತಾಳುವ ಬಿಸಿನೀರಿನಲ್ಲಿ ಪಾತ್ರೆ ತೊಳೆಯುವ ದ್ರವ ಹಾಕಿ ಕುಲುಕಿ, ವಾಸನೆ ಹೋಗುವವರೆಗೆ ಜಾಲಾಡಿ, ಕೊನೆಗೆ ಆರಿದ ಕುದಿನೀರಿನಲ್ಲಿ ಒಮ್ಮೆ ತೊಳೆಯಿರಿ. ಮುಚ್ಚಳದ ಒಳಸುತ್ತಿನಲ್ಲಿ ಹಳೆಯ ಸಕ್ಕರೆ ಅಂಟಿಕೊಂಡಿರುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ.

ಕತ್ತಿನಿಂದ ಎರಡು ಅಂಗುಲ ಬಿಟ್ಟು ತುಂಬಿ, ಮುಚ್ಚಳ ಬಿಗಿಯಿರಿ. ಬಾಟಲಿಯನ್ನು ತಲೆಕೆಳಗೆ ಹಿಡಿದು ಹಿಂಡಿ ನೋಡಿ. ಒಂದು ಹನಿ ಜಿನುಗಿದರೂ ಆ ಮುಚ್ಚಳ ಕೆಲಸಕ್ಕೆ ಬಾರದು, ಅನಿಲ ಅಲ್ಲಿಂದಲೇ ಹೋಗುತ್ತದೆ. ಬಾಟಲಿಯ ಮೇಲೆ ತಾರೀಕು ಬರೆಯಿರಿ.

ಹಂತ 5: ಒತ್ತಿ ನೋಡುವುದು

ಬಾಟಲಿಗಳನ್ನು ಒಂದು ಬಕೆಟ್ಟಿನಲ್ಲಿ ನಿಲ್ಲಿಸಿ, ಮೇಲೆ ದಪ್ಪ ಟವೆಲ್ ಹೊದಿಸಿ, ನೆರಳಿನಲ್ಲಿಡಿ. ಬೆಳಗ್ಗೆ ಸಂಜೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಮೊದಲ ದಿನ ಬಾಟಲಿ ಸುಲಭವಾಗಿ ತಗ್ಗುತ್ತದೆ. ಹುದುಗು ಹಿಡಿದಂತೆ ಬಿಗಿಯಾಗುತ್ತಾ ಬಂದು, ಕೊನೆಗೆ ಅಂಗಡಿಯಿಂದ ತಂದ ತೆರೆಯದ ಸೋಡಾ ಬಾಟಲಿಯಷ್ಟು ಗಟ್ಟಿಯಾಗುತ್ತದೆ. ಹೋಲಿಸಿ ನೋಡಲು ಅಂಥದೊಂದನ್ನು ಪಕ್ಕದಲ್ಲೇ ಇಟ್ಟುಕೊಂಡರೆ ಅನುಮಾನಕ್ಕೆ ಎಡೆಯಿಲ್ಲ.

27ರಿಂದ 30 ಡಿಗ್ರಿಯಲ್ಲಿ ಸಾಧಾರಣವಾಗಿ ಒಂದೂವರೆಯಿಂದ ಎರಡು ದಿನ, 20ರಿಂದ 22 ಡಿಗ್ರಿಯಲ್ಲಿ ಮೂರು ನಾಲ್ಕು ದಿನ. ಇದು ಅಂದಾಜು ಮಾತ್ರ, ತೀರ್ಪು ಹೆಬ್ಬೆರಳಿನದು. ಗಟ್ಟಿಯಾದ ಮೇಲೂ ಅರ್ಧ ದಿನ ಬಿಟ್ಟು ಫ್ರಿಜ್‌ಗೆ ಹಾಕಿ.

ಹಂತ 6: ತಣಿಸುವುದು, ತೆರೆಯುವುದು

ಫ್ರಿಜ್‌ನಲ್ಲಿ ಪೂರ್ತಿ ಒಂದು ದಿನ ಇರಲಿ. ಎರಡು ಗಂಟೆಗೇ ತೆರೆದರೆ ನೊರೆಯೆಲ್ಲ ಒಮ್ಮೆಲೇ ಉಕ್ಕಿ ಹೋಗಿ ಲೋಟದಲ್ಲಿ ಸಪ್ಪೆ ನೀರು ಉಳಿಯುತ್ತದೆ. ಅನಿಲ ದ್ರವದೊಳಕ್ಕೆ ಇಳಿಯಲು ತಂಪೂ ಬೇಕು, ಹೊತ್ತೂ ಬೇಕು. ಮಾರನೆಯ ದಿನ ಬಾಟಲಿ ಮೆತ್ತಗಾಗಿದ್ದರೆ ಗಾಬರಿಯಾಗಬೇಡಿ. 4 ಡಿಗ್ರಿಯಲ್ಲಿ ನೀರು 25 ಡಿಗ್ರಿಗಿಂತ ಹೆಚ್ಚುಕಡಿಮೆ ಎರಡರಷ್ಟು ಅನಿಲ ಹಿಡಿದಿಟ್ಟುಕೊಳ್ಳುತ್ತದೆ. ಅದರಿಂದ ಒತ್ತಡ ಇಳಿದಿದೆ, ಗುಳ್ಳೆ ಎಲ್ಲೂ ಹೋಗಿಲ್ಲ. ಅನಿಲ ಸೋರಿದೆ ಎಂದು ತಿಳಿದು ಮತ್ತೆ ಹೊರಗಿಟ್ಟು ಕೆಡಿಸಿಕೊಳ್ಳುವವರು ಬಹಳ.

ತೆರೆಯುವಾಗ ಸಿಂಕಿನ ಮೇಲೆ ಹಿಡಿದು, ಮುಖ ದೂರವಿಟ್ಟು, ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ. ನೊರೆ ಕತ್ತಿಗೆ ಬಂದರೆ ಮತ್ತೆ ಬಿಗಿದು ಅರ್ಧ ನಿಮಿಷ ನಿಲ್ಲಿಸಿ. ತಳದ ಬಿಳಿ ಗಷ್ಟು ಯೀಸ್ಟ್ ಮತ್ತು ಶುಂಠಿಯ ಪಿಷ್ಟ, ಕುಡಿದರೆ ಕೆಡುಕಿಲ್ಲ, ರುಚಿ ಮಾತ್ರ ಒಗರು. ಕೊನೆಯ ಒಂದು ಬೆರಳಷ್ಟನ್ನು ಬಾಟಲಿಯಲ್ಲೇ ಬಿಡಿ.

ಲೋಟದ ಸಿಹಿಗೆ 250 ಗ್ರಾಂ ಬೆಲ್ಲವನ್ನು 150 ಮಿ.ಲೀ. ನೀರಿನಲ್ಲಿ ಕರಗಿಸಿ, ಶೋಧಿಸಿ, ಎರಡು ಕುದಿ ಬರಿಸಿ ಆರಿಸಿಟ್ಟುಕೊಳ್ಳಿ. 200 ಮಿ.ಲೀ. ಲೋಟಕ್ಕೆ ಒಂದೂವರೆ ದೊಡ್ಡ ಚಮಚ ಪಾಕವನ್ನು ಮೊದಲು ಹಾಕಿ, ಮೇಲೆ ಶುಂಠಿ ಬಿಯರನ್ನು ಲೋಟ ಓರೆ ಮಾಡಿ ಸುರಿಯಿರಿ. ಪಾಕವನ್ನು ಮೇಲಿನಿಂದ ಹಾಕಿ ಚಮಚದಲ್ಲಿ ತಿರುಗಿಸಿದರೆ ಗುಳ್ಳೆಯೆಲ್ಲ ಹಾರಿಹೋಗುತ್ತದೆ. ಕೋಲಾದಷ್ಟು ರಭಸದ ಗುಳ್ಳೆ ಬೇಕೆನ್ನುವವರು ಬಾಟಲಿಗೆ ಬೆಲ್ಲ ಹೆಚ್ಚಿಸುವ ಬದಲು ಲೋಟಕ್ಕೆ ಕಾಲು ಭಾಗ ಬರೀ ಸೋಡಾ ಸೇರಿಸಿಕೊಳ್ಳಿ. ಫ್ರಿಜ್‌ನಲ್ಲಿ ಎರಡು ವಾರದೊಳಗೆ ಮುಗಿಸಿ. ಆಮೇಲೆ ಶುಂಠಿಯ ಪರಿಮಳ ಕುಂದಿ ಹುಳಿಯೊಂದೇ ಮುಂದೆ ಬರುತ್ತದೆ.

ಎಡವುವ ಕಡೆಗಳು, ಎಚ್ಚರಿಕೆಯ ಗುರುತುಗಳು

ಬಾಟಲಿ ಮೂರು ದಿನವಾದರೂ ಮೆತ್ತಗೇ ಇದೆ. ಮುಚ್ಚಳ ಬಿಗಿದಂತೆಯೇ ಬಾಟಲಿಯನ್ನು ನೀರಿನಲ್ಲಿ ಮುಳುಗಿಸಿ ಹಿಂಡಿ. ಗುಳ್ಳೆ ಬಂದರೆ ಸೋರಿಕೆ. ಸೋರದಿದ್ದರೆ ಹೆಪ್ಪು ದುರ್ಬಲ ಅಥವಾ ಕಷಾಯ ಬಿಸಿಯಿತ್ತು. ಉಬ್ಬುವ ಪರೀಕ್ಷೆಯಲ್ಲಿ ಗೆದ್ದ ಹೆಪ್ಪನ್ನು ಬಾಟಲಿಗೆ 20 ಮಿ.ಲೀ. ಸೇರಿಸಿ ಬೆಚ್ಚಗಿನ ಕಡೆ ಇಡಿ. ಬೆಲ್ಲ ಸೇರಿಸಬೇಡಿ, ಮೊದಲು ಹಾಕಿದ್ದು ಇನ್ನೂ ಅಲ್ಲೇ ಇದೆ.

ಬಾಟಲಿಯ ತಳ ಹೊರಗೆ ಉಬ್ಬಿ, ನಿಲ್ಲಿಸಿದರೆ ಓಲಾಡುತ್ತಿದೆ. ಸಕ್ಕರೆ ಮಿತಿಮೀರಿದೆ. ಕುಲುಕಬೇಡಿ. ಟವೆಲ್ ಸುತ್ತಿ ಹಾಗೇ ಫ್ರಿಜ್‌ಗೆ ಇಟ್ಟು, ನಾಲ್ಕೈದು ಗಂಟೆ ತಣಿದ ಮೇಲೆ ಸಿಂಕಿನಲ್ಲಿ ಸ್ವಲ್ಪಸ್ವಲ್ಪವೇ ಗಾಳಿ ಬಿಡಿ. ಆ ಬಾಟಲಿಯನ್ನು ಮತ್ತೆ ಬಳಸಬೇಡಿ.

ಸುರಿದರೆ ಎಳೆಎಳೆಯಾಗಿ ಲೋಳೆ ಬರುತ್ತಿದೆ. ಇದು ಲ್ಯೂಕೋನಾಸ್ಟಾಕ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಕಡಿದ ಕಬ್ಬು ಅರೆಯದೆ ದಿನಗಟ್ಟಲೆ ಬಿದ್ದಿದ್ದರೆ ರಸ ಲೋಳೆಯಾಗುವುದೂ ಇದರಿಂದಲೇ, ಮಂಡ್ಯದ ಕಬ್ಬು ಬೆಳೆಗಾರರಿಗೆ ಇದರ ಕಾಟ ಹೊಸದಲ್ಲ. ಯೀಸ್ಟ್ ಬಲವಾಗುವ ಮೊದಲೇ ಅದು ಮೇಲುಗೈ ಪಡೆದಿದೆ. ಹೆಪ್ಪನ್ನು ಚೆಲ್ಲಿ, ಜಾಡಿಯನ್ನು ಕುದಿನೀರಿನಲ್ಲಿ ತೊಳೆದು, ಬೇರೆ ಕಡೆಯ ಶುಂಠಿಯಿಂದ ಹೊಸದಾಗಿ ಶುರುಮಾಡಿ. ಮೊದಲ ದಿನವೇ ಒಂದು ಚಮಚ ನಿಂಬೆರಸ ಹಾಕಿದರೆ ಯೀಸ್ಟಿಗೆ ಅನುಕೂಲ.

ಹೆಪ್ಪಿನ ಮೇಲೆ ಬಿಳಿ ಪೊರೆ. ತೆಳ್ಳಗೆ, ಸುಕ್ಕುಸುಕ್ಕಾಗಿ, ನಯವಾಗಿದ್ದರೆ ಅದು ಒಂದು ಬಗೆಯ ಯೀಸ್ಟ್. ತೆಗೆದುಹಾಕಿ, ಹೆಚ್ಚು ಸಲ ಕಲಕಿ. ಹಸಿರು, ಕಪ್ಪು, ಗುಲಾಬಿ ಬಣ್ಣ ಕಂಡರೆ ಅಥವಾ ಕೂದಲು ಎದ್ದಂತೆ ಕಂಡರೆ ಬೂಷ್ಟು. ಮೇಲಿನದನ್ನು ತೆಗೆದು ಉಳಿದದ್ದನ್ನು ಬಳಸುವ ಯೋಚನೆ ಬೇಡ, ಪೂರ್ತಿ ಚೆಲ್ಲಿ.

ಕೊಳೆತ ಮೊಟ್ಟೆಯ ವಾಸನೆ. ಯೀಸ್ಟಿಗೆ ಪೋಷಕಾಂಶ ಸಾಲದಿದ್ದಾಗ ಗಂಧಕದ ವಾಸನೆ ಬಿಡುತ್ತದೆ. ಶುಂಠಿ ಹೆಚ್ಚಿಸಿ ಎರಡು ದಿನ ತಿನ್ನಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ವಾಂತಿಯಂಥ, ಕೊಳೆತ ತರಕಾರಿಯಂಥ ನಾತವಾದರೆ ರುಚಿ ನೋಡಲೂ ಹೋಗದೆ ಚೆಲ್ಲಿ.

ವಿನೆಗರ್‌ನಂಥ ಚುಚ್ಚುವ ಹುಳಿ. ಹೆಪ್ಪು ಬಹಳ ದಿನ ಗಾಳಿಗೆ ತೆರೆದಿತ್ತು. ಎರಡು ಚಮಚ ಉಳಿಸಿಕೊಂಡು ಹೊಸ ನೀರಿನಲ್ಲಿ ಮತ್ತೆ ಎಬ್ಬಿಸಿ.

ಬಿಯರ್ ಶೈಲಿಗಳ ಛಾಯೆಯಲ್ಲಿ ಮೂರು ಬಗೆ

ಮೂಲ ಕ್ರಮ ಎರಡು ಸಲ ಸರಿಯಾಗಿ ಬಂದ ಮೇಲಷ್ಟೇ ಇವಕ್ಕೆ ಕೈ ಹಾಕಿ. ಬೆಲ್ಲದ ಅಳತೆ ಮೂರರಲ್ಲೂ ಅದೇ. ಹಣ್ಣಿನ ರಸ ಸೇರಿಸಿದರೆ ಅದರ ಸಕ್ಕರೆಯೂ ಲೆಕ್ಕಕ್ಕೆ ಬರುವುದರಿಂದ ಇಲ್ಲಿ ರಸ ಬಳಸಿಲ್ಲ.

ಬೆಲ್ಜಿಯಂನ ಗೋಧಿ ಬಿಯರ್ ಆದ ವಿಟ್‌ಬಿಯರಿನ ಪರಿಮಳ ಬರುವುದು ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆಯಿಂದ. ಎರಡೂ ನಮ್ಮ ಕೈಗೆಟಕುವಂಥವೇ. ಶುಂಠಿಯನ್ನು 60 ಗ್ರಾಮಿಗೆ ಇಳಿಸಿ, ಎರಡು ಲೀಟರಿಗೆ 6 ಗ್ರಾಂ ಕೊತ್ತಂಬರಿ ಬೀಜವನ್ನು ಒಡೆದು, ಒಂದು ಕೊಡಗಿನ ಕಿತ್ತಳೆಯ ಹೊರಸಿಪ್ಪೆಯನ್ನು ಒಳಗಿನ ಬಿಳಿ ಭಾಗವಿಲ್ಲದೆ ಹೆರೆದು, ಒಲೆ ಆರಿಸಿದ ಮೇಲೆ ಹಾಕಿ ಹತ್ತು ನಿಮಿಷ ಮುಚ್ಚಿಡಿ. ಬಿಳಿ ಭಾಗ ಬಿದ್ದರೆ ಕಹಿಯಾಗುತ್ತದೆ. ಚೆನ್ನಾಗಿ ತಣ್ಣಗೆ, 6ರಿಂದ 8 ಡಿಗ್ರಿಯಲ್ಲಿ ಕುಡಿಯಿರಿ.

ಸ್ಟೌಟ್ ಬಿಯರಿನ ಕಪ್ಪು ಬಣ್ಣ, ಕಾಫಿಯಂಥ ಕಹಿ ಹುರಿದ ಬಾರ್ಲಿಯದು. ಅದರ ಜಾಗಕ್ಕೆ ರಾಗಿ ಬರುತ್ತದೆ. 40 ಗ್ರಾಂ ಇಡೀ ರಾಗಿಯನ್ನು ಸಣ್ಣ ಉರಿಯಲ್ಲಿ ಕಾಫಿಪುಡಿಯ ಬಣ್ಣ ಬರುವವರೆಗೆ ಹುರಿದು, ಪುಡಿ ಮಾಡದೆ, ಕಷಾಯಕ್ಕೆ ಕೊನೆಯ ಐದು ನಿಮಿಷ ಹಾಕಿ ಶೋಧಿಸಿ. ಪುಡಿ ಮಾಡಿದರೆ ಅಂಬಲಿಯಾಗುತ್ತದೆ. ನಿಂಬೆಯನ್ನು 40 ಮಿ.ಲೀ.ಗಿಂತ ಕೆಳಗೆ ಇಳಿಸಬೇಡಿ. ಇದನ್ನು ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬಿಟ್ಟು ಕುಡಿದರೆ ಹುರಿದ ರಾಗಿಯ ಘಮ ಬಿಚ್ಚಿಕೊಳ್ಳುತ್ತದೆ, ತೀರಾ ತಣ್ಣಗಿದ್ದರೆ ಕಹಿ ಮಾತ್ರ ತಿಳಿಯುತ್ತದೆ.

ಬೇರಿನ ಬಿಯರ್ (ರೂಟ್ ಬಿಯರ್) ಇಷ್ಟಪಡುವವರಿಗೆ ಮಾಗಳಿ ಬೇರು ಇದೆ, ಮೈಸೂರಿನ ಮನೆಗಳಲ್ಲಿ ಉಪ್ಪಿನಕಾಯಿ ಹಾಕುವುದು. ವೆನಿಲ್ಲಾಕ್ಕೆ ಹತ್ತಿರದ ಅದರ ಪರಿಮಳ ಶುಂಠಿಯ ಜತೆ ಚೆನ್ನಾಗಿ ಕೂಡುತ್ತದೆ. ಮಣ್ಣು ತೊಳೆದು, ಸಿಪ್ಪೆ ಹೆರೆದು, ನಡುವಿನ ಗಟ್ಟಿ ಕಡ್ಡಿ ತೆಗೆದುಹಾಕಿ, 30 ಗ್ರಾಂ ತಿರುಳನ್ನು ಜಜ್ಜಿ ಕೊನೆಯ ಐದು ನಿಮಿಷ ಮುಚ್ಚಳ ಮುಚ್ಚಿ ಬೇಯಿಸಿ. ತೆರೆದು ಕುದಿಸಿದರೆ ಪರಿಮಳ ಆವಿಯ ಜತೆ ಹೋಗುತ್ತದೆ. ಮಾಗಳಿ ಸಿಗದ ಕಾಲದಲ್ಲಿ ಗ್ರಂಧಿಗೆ ಅಂಗಡಿಯ ಒಣ ಸೊಗದೆ ಬೇರು 10 ಗ್ರಾಂ ಸಾಕು.

ಉಳಿದ ಹೆಪ್ಪನ್ನು ಕಾಯ್ದುಕೊಳ್ಳುವುದು

ತೆಗೆದಷ್ಟು ನೀರನ್ನು ಮತ್ತೆ ತುಂಬಿ, 10 ಗ್ರಾಂ ಶುಂಠಿ, 8 ಗ್ರಾಂ ಸಕ್ಕರೆ ಹಾಕಿ, ಅರ್ಧ ದಿನ ಹೊರಗಿಟ್ಟು ಫ್ರಿಜ್‌ಗೆ ಸೇರಿಸಿ. ಮುಚ್ಚಳ ಸಡಿಲವಾಗಿರಲಿ. ವಾರಕ್ಕೊಮ್ಮೆ ಇಷ್ಟೇ ತಿನ್ನಿಸಿ. ಶುಂಠಿಯ ಚರಟ ಜಾಡಿಯ ಅರ್ಧಕ್ಕೆ ಬಂದರೆ ಹಳೆಯದನ್ನು ಹಿಂಡಿ ತೆಗೆಯಿರಿ. ಮುಂದಿನ ಸಲ ಮಾಡುವ ಎರಡು ದಿನ ಮೊದಲು ಹೊರಗಿಟ್ಟು, ಒಮ್ಮೆ ತಿನ್ನಿಸಿ, ಬಾಟಲಿ ಉಬ್ಬುವ ಪರೀಕ್ಷೆಯನ್ನು ಮತ್ತೆ ಮಾಡಿ.